ಓದದೆ ಬಿಟ್ಟ ನಾಲ್ಕು ಸಾಲು

ರಾಜಕೀಯದ ಬಗ್ಗೆ ಗೌರವದಿಂದ ಮಾತನಾಡುವುದು ಹೇಗೆ ಎಂದು ಕೇಳಿದರೆ ಹತ್ತು ನಿಮಿಷ ತಡೆಯಿಲ್ಲದೆ ಹೇಳಬಲ್ಲೆ. ಎದುರಿನವರ ಮಾತು ಮುಗಿಯುವವರೆಗೆ ಬಾಯಿ ಹಾಕಬಾರದು. ವ್ಯಕ್ತಿಯನ್ನು ಬಿಟ್ಟು ವಿಷಯವನ್ನು ಹಿಡಿಯಬೇಕು. ದನಿ ಏರಿಸಬಾರದು. ಗಂಗಾವತಿಯಲ್ಲಿ ಡಿಗ್ರಿ ಓದುವಾಗ ಇದನ್ನೆಲ್ಲ ಕಲಿತೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಫಲಕಗಳು ಈಗಲೂ ನಮ್ಮ ಮನೆಯ ಟಿವಿಯ ಅಕ್ಕಪಕ್ಕ ನಿಂತಿವೆ. ಆ ಬೆಳಿಗ್ಗೆಯೂ ನಾನು ದನಿ ಏರಿಸಲಿಲ್ಲ, ಯಾರಿಗೂ ಒಂದು ಕೆಟ್ಟ ಮಾತು ಆಡಲಿಲ್ಲ. ಅಷ್ಟು ಸಭ್ಯವಾಗಿಯೇ ಒಬ್ಬ ಹೆಣ್ಣುಮಗಳ ಹೊಟ್ಟೆಯ ಮೇಲೆ ಹೊಡೆದೆ.

ನಮ್ಮೂರು ಕೊಪ್ಪಳಕ್ಕೂ ಕುಷ್ಟಗಿಗೂ ನಡುವೆ ಇದೆ. ಬಸ್ ನಿಲ್ದಾಣದ ಎದುರಿನ ಚಾ ಹೋಟೆಲ್ಲಿಗೆ ಬರುವುದು ಒಂದೇ ಪೇಪರ್. ಬೆಳಿಗ್ಗೆ ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು. ಪಾಳಿ ಪ್ರಕಾರ ದಿನಕ್ಕೊಬ್ಬರು. ಓದಿದವನು ಆ ದಿನ ತನ್ನ ಅಭಿಪ್ರಾಯ ಹೇಳುವಂತಿಲ್ಲ. ವಾದ ಏನಿದ್ದರೂ ಕೇಳಿದವರದ್ದು. ಓದಿ ಮುಗಿದ ಸುದ್ದಿಯನ್ನು ಇನ್ನೊಬ್ಬರು ಇಣುಕಿ ನೋಡುವುದೂ ಇಲ್ಲ, ಹಾಗೆ ನೋಡಿದರೆ ಓದಿದವನನ್ನು ಅನುಮಾನಿಸಿದಂತೆ. ಈ ಪದ್ಧತಿ ಯಾರು ಮಾಡಿದರೋ ಗೊತ್ತಿಲ್ಲ. ಹೊಡೆದಾಟವಾಗದೆ ಹಲವು ಚುನಾವಣೆ ದಾಟಿದ್ದು ಇದರಿಂದಲೇ ಎಂದು ಹೋಟೆಲ್ ಮಾಲಕ ಹೇಳುತ್ತಿದ್ದ.

ನನ್ನ ಕಾಯಂ ಎದುರಾಳಿ ನಿವೃತ್ತ ಬಸ್ ಕಂಡಕ್ಟರ್. ಎಲ್ಲರಿಗೂ ಕಂಡಕ್ಟರ್ ಕಾಕಾ. ಅಧಿಕಾರದಲ್ಲಿರುವವರ ಕಡೆ ಅವರು, ವಿರೋಧದ ಕಡೆ ನಾನು. ಹೋಟೆಲ್ಲಿನ ಗೋಡೆಗೆ ಹತ್ತಿಕೊಂಡೇ ನಿಲ್ಲುತ್ತಿದ್ದದ್ದು ಊರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವವರ ಹಣ್ಣಿನ ಗಾಡಿ. ಆನೆಗೊಂದಿ ಕಡೆಯ ಬಾಳೆಹಣ್ಣು ತರಿಸಿ ಮಾರುತ್ತಿದ್ದರು. ಹುಣ್ಣಿಮೆಗೆ ಹುಲಿಗಿಗೆ ಹೋಗುವ ಜನ ಬಸ್ಸು ಹತ್ತುವ ಮೊದಲು ಹುಲಿಗೆಮ್ಮ ದೇವಿಗೆಂದು ಹಣ್ಣು ಒಯ್ಯುತ್ತಿದ್ದದ್ದು ಅವರ ಗಾಡಿಯಿಂದಲೇ. ಗಂಡ ತೀರಿಕೊಂಡ ಮೇಲೆ ಆ ಗೇಣು ಜಾಗವೇ ಅವರ ಹೊಲ, ಅವರ ಪೆನ್ಶನ್. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಪೇಪರ್ ಓದುವ ಹೊತ್ತಿಗೆ ಹೊಸ್ತಿಲ ಬಳಿ ಸ್ಟೂಲ್ ಹಾಕಿಕೊಂಡು ಕೇಳುತ್ತಿದ್ದರು.

ಆ ವಾರ ಊರಲ್ಲೆಲ್ಲ ಒಂದೇ ಚರ್ಚೆ: ನಿಲ್ದಾಣದ ಎದುರಿನ ಗಾಡಿಗಳಿಗೆ ಪಂಚಾಯಿತಿಯವರು ನಂಬರ್ ಕೊಡುತ್ತಾರಂತೆ, ಪಟ್ಟಿಯಲ್ಲಿ ಹೆಸರಿಲ್ಲದವರು ಎದ್ದು ಹೋಗಬೇಕಂತೆ. ಪಟ್ಟಿ ಆಗಲೇ ಒಳಗೊಳಗೇ ತಯಾರಾಗಿದೆ, ಎಲ್ಲ ಅಧಿಕಾರದಲ್ಲಿರುವವರ ಮಂದಿಯೇ ಎಂದು ನಾನು ವಾದಿಸಿದ್ದೆ. ಹಾಗೇನಿಲ್ಲ, ಹೋಗಿ ಕೇಳಿದರೆ ಯಾರ ಹೆಸರನ್ನಾದರೂ ಬರೆದುಕೊಳ್ಳುತ್ತಾರೆ ಎಂದು ಕಾಕಾ. ಮರುದಿನ ಓದುವ ಪಾಳಿ ನನ್ನದು. ಪೇಪರಿನಲ್ಲಿ ಅದೇ ಸುದ್ದಿ ಬಂದಿತ್ತು. ಮೇಲಿನ ಅರ್ಧದಲ್ಲಿ ಪಂಚಾಯಿತಿಯ ಒಬ್ಬ ಸದಸ್ಯರ ಆರೋಪ, ಪಟ್ಟಿ ಮೊದಲೇ ತಯಾರಾಗಿದೆ ಎಂದು. ಕೆಳಗಿನ ನಾಲ್ಕು ಸಾಲು ಅಧಿಕಾರಿಯ ಉತ್ತರ: ಪಟ್ಟಿ ಅಂತಿಮವಲ್ಲ, ಬಿಟ್ಟುಹೋದವರು ಶನಿವಾರದೊಳಗೆ ಆಧಾರ್ ಕಾರ್ಡ್, ಫೋಟೋ ಹಿಡಿದು ಖುದ್ದಾಗಿ ಬರಬೇಕು.

ಮೇಲಿನ ಅರ್ಧ ನನ್ನದು, ಕೆಳಗಿನದು ಕಾಕಾನದ್ದು. ಓದುವವನಾದ್ದರಿಂದ ಅವತ್ತು ನನ್ನ ಬಾಯಿ ಕಟ್ಟಿತ್ತು. ಕಾಕಾ ಗೆದ್ದು ಬೀಗಿದರೆ ತಿರುಗಿ ಹೇಳುವಂತಿರಲಿಲ್ಲ. ಆರೋಪವನ್ನು ಒತ್ತಿ ಒತ್ತಿ ಓದಿದೆ. ನಾಲ್ಕು ಸಾಲು ಹಾರಿಸಿ ಡ್ಯಾಮಿನ ನೀರಿನ ಮಟ್ಟದ ಸುದ್ದಿಗೆ ಹೋದೆ. ಚರ್ಚಾಸ್ಪರ್ಧೆಯಲ್ಲಿ ಇದು ತಪ್ಪಲ್ಲ. ನಮ್ಮ ವಾದಕ್ಕೆ ಬೇಕಾದದ್ದನ್ನು ನಾವು ಓದುತ್ತೇವೆ, ಉಳಿದದ್ದನ್ನು ಹುಡುಕಿ ತರುವುದು ಎದುರಾಳಿಯ ಕೆಲಸ.

ಆದರೆ ಹೊಸ್ತಿಲ ಕಡೆಯಿಂದ ಖಾಲಾ ಕೇಳಿದರು.

“ಅಷ್ಟ ಏನ್ ಬೇಟಾ? ಮುಂದ ಏನರ ಬರದಾರೇನು?”

“ಅಷ್ಟ ಐತ್ರಿ ಖಾಲಾ,” ಎಂದೆ.

ಅವತ್ತು ಖಾಲಾ ಗಾಡಿಯನ್ನು ಪಕ್ಕದವರಿಗೆ ಒಪ್ಪಿಸಿ ಹೆಸರು ಬರೆಸಲು ಪಂಚಾಯಿತಿ ಕಚೇರಿಗೆ ಹೋಗಬೇಕೆಂದಿದ್ದರಂತೆ. ಎಲ್ಲ ಮುಗಿದ ಮೇಲೆ ಹೋಗಿ ಏನು ಮಾಡುವುದು ಎಂದು ಅಲ್ಲೇ ಉಳಿದರು. ಸಂಜೆ ಹೇಳಿದರಾಯಿತು ಅಂದುಕೊಂಡೆ. ಸಂಜೆ ಅವರು ಬೇಗ ಹೋಗಿದ್ದರು. ಮರುದಿನ ಹೇಳಬೇಕೆಂದರೆ ಕಾಕಾನ ಎದುರಿಗೇ ಹೇಳಬೇಕಿತ್ತು. ಆಮೇಲೆ ಒಂದು ಸ್ಪರ್ಧೆಯ ತೀರ್ಪುಗಾರನಾಗಿ ಕೊಪ್ಪಳಕ್ಕೆ ಹೋದೆ, ಮರೆತೆ. ಮರೆತೆ ಎನ್ನುವುದೂ ಮೇಲಿನ ಅರ್ಧವೇ. ಕೆಳಗಿನ ಅರ್ಧ ಏನೆಂದರೆ, ಸೋಲುವುದು ನನಗೆ ಬೇಕಿರಲಿಲ್ಲ.

ಶನಿವಾರ ಕಳೆಯಿತು. ಮುಂದಿನ ವಾರ ರಸ್ತೆಯ ಅಂಚಿನಲ್ಲಿ ಹಳದಿ ಬಣ್ಣದಿಂದ ಚೌಕ ಹೊಡೆದು ನಂಬರ್ ಬರೆದರು. ಖಾಲಾ ನಿಲ್ಲುತ್ತಿದ್ದ ಚೌಕ ಮೊಬೈಲ್ ಕವರ್ ಮಾರುವವನಿಗೆ ಹೋಯಿತು. ಅವರ ಹೆಸರು ಎಲ್ಲಿಯೂ ಇರಲಿಲ್ಲ. ನಾನೇ ಅವರನ್ನು ಕಚೇರಿಗೆ ಕರೆದುಕೊಂಡು ಹೋದೆ. ಅರ್ಧ ತಾಸು ವಾದ ಮಾಡಿದೆ. ನನ್ನ ಜೀವನದಲ್ಲೇ ಅಂಥ ವಾದ ಮಾಡಿಲ್ಲ. ಅಧಿಕಾರಿ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದರು. ಆಮೇಲೆ ಅವರು ಕೇಳಿದ್ದು ಒಂದೇ.

“ಪೇಪರಿನ್ಯಾಗ ಕೊಟ್ಟಿದ್ವಲ್ರಿ. ನೋಡ್ಲಿಲ್ಲೇನು?”

ನಾನು ಬಾಯಿ ತೆರೆಯುವ ಮೊದಲೇ ಖಾಲಾ ನನ್ನ ಪರವಾಗಿ ನಿಂತರು. “ನಮ್ಮ ಹುಡುಗ ಪೇಪರ್ ಪೂರಾ ಓದ್ಯಾನ್ರಿ ಸಾಹೇಬ್ರ. ಅದರಾಗ ಹಂಗೇನೂ ಇರಲಿಲ್ರಿ.”

ಅಧಿಕಾರಿ ಫೈಲ್ ತೆಗೆದರು. ಅದರಲ್ಲಿ ಪೇಪರಿನ ತುಣುಕು ಅಂಟಿಸಿದ್ದರು. ಕೆಳಗಿನ ನಾಲ್ಕು ಸಾಲನ್ನು ನಿಧಾನವಾಗಿ ಓದಿ ಹೇಳಿದರು. ಖಾಲಾ ಆ ತುಣುಕನ್ನು ನೋಡಿದರು, ಆಮೇಲೆ ನನ್ನನ್ನು. ಅವರಿಗೆ ಓದಲು ಬರುವುದಿಲ್ಲ ಎಂದು ಹೇಳಿದೆನಲ್ಲ. ನನ್ನ ಮುಖ ಓದಲು ಅಕ್ಷರ ಬೇಕಿರಲಿಲ್ಲ.

ಕಹಿ ಅಲ್ಲಿಗೆ ಮುಗಿಯಲಿಲ್ಲ. ನಮ್ಮ ಬಣದ ಮುಂದಾಳು ಮನೆಗೆ ಬಂದು, ಪಟ್ಟಿಯ ವಿರುದ್ಧದ ಪ್ರತಿಭಟನೆಯಲ್ಲಿ ಖಾಲಾ ಅವರ ಕತೆಯನ್ನು ನೀನೇ ಹೇಳು ಎಂದ. ಬಡವಿ, ವಿಧವೆ, ಮೇಲಾಗಿ ಹುಲಿಗೆಮ್ಮನ ಭಕ್ತರಿಗೆ ಹಣ್ಣು ಮಾರುವ ಮುಸ್ಲಿಂ ಹೆಣ್ಣುಮಗಳು. ಇದಕ್ಕಿಂತ ಛಲೋ ವಿಷಯ ಸಿಗೋದಿಲ್ಲ ಎಂದು ನಕ್ಕ. ನಾಚಿಕೆಯ ಸಂಗತಿ ಎಂದರೆ ಒಂದು ಕ್ಷಣ ನನ್ನ ತಲೆಯಲ್ಲೂ ಭಾಷಣದ ಮೊದಲ ಸಾಲು ಮೂಡಿತ್ತು. ಒಪ್ಪಿಗೆ ಕೇಳಲು ಹೋದಾಗ ಖಾಲಾ ಗಾಡಿ ಒರೆಸುತ್ತಿದ್ದರು.

“ಹೇಳು ಬೇಟಾ, ನಂದೇನೈತಿ. ನೀ ಬಿಟ್ಟಿದ್ದೂ ಹೇಳ್ತಿಯಲ್ಲ?”

ನಾನು ವೇದಿಕೆ ಹತ್ತಲಿಲ್ಲ. ಇನ್ನೊಬ್ಬ ಹತ್ತಿದ, ನನ್ನ ಹೆಸರೂ ಆ ನಾಲ್ಕು ಸಾಲೂ ಇಲ್ಲದೆ ಕತೆ ಹೇಳಿದ. ಭರ್ತಿ ಚಪ್ಪಾಳೆ ಬಿತ್ತು. ಚೌಕ ಮಾತ್ರ ಖಾಲಾ ಅವರಿಗೆ ಮರಳಿ ಸಿಗಲಿಲ್ಲ.

ಓದುವ ನನ್ನ ಮುಂದಿನ ಪಾಳಿ ಬಂದ ದಿನ ಹೋಟೆಲ್ಲಿನಲ್ಲಿ ಎಲ್ಲರ ಎದುರು ನಡೆದದ್ದನ್ನು ಹೇಳಿದೆ. ಬೈಯುತ್ತಾರೆ ಎಂದುಕೊಂಡು ಸಮಜಾಯಿಷಿ ಸಿದ್ಧಮಾಡಿಕೊಂಡಿದ್ದೆ. ಯಾರೂ ಬೈಯಲಿಲ್ಲ. ಕಾಕಾ ಚಾ ಆರಿಸಿಕೊಳ್ಳುತ್ತ ನನ್ನನ್ನೇ ನೋಡಿದರು. “ಆವತ್ತು ನಾ ಗೆದ್ದಿದ್ರ ನಿಂದೇನ್ ಹೋಗ್ತಿತ್ತೋ ತಮ್ಮಾ?”



ಖಾಲಾ ಈಗ ಹಳೆ ಸಂತೆ ಮೈದಾನದ ಹಿಂದಿನ ಓಣಿಯಲ್ಲಿ ನಿಲ್ಲುತ್ತಾರೆ. ಅಲ್ಲಿಗೆ ಬಸ್ಸಿನ ಜನ ಬರುವುದಿಲ್ಲ. ಕಳೆದ ಹುಣ್ಣಿಮೆಯಂದು ಮಧ್ಯಾಹ್ನ ಹೋದಾಗ ಬೆಳಿಗ್ಗೆ ಹೊಂದಿಸಿಟ್ಟ ಹಣ್ಣು ಹಾಗೇ ಇದ್ದವು, ಕೆಲವು ಕಪ್ಪಾಗುತ್ತಿದ್ದವು. ಒಂದು ಡಜನ್ ತೆಗೆದುಕೊಂಡೆ. ಮುಂದಿನ ವರ್ಷ ಪಟ್ಟಿ ಮತ್ತೆ ಮಾಡುತ್ತಾರಂತೆ, ಅರ್ಜಿ ನಾನೇ ತುಂಬಿ ಕೊಡುತ್ತೇನೆ ಎಂದೆ. ಖಾಲಾ ಹಣ್ಣನ್ನು ಚೀಲಕ್ಕೆ ಹಾಕಿ ಎರಡೂ ಕೈಯಿಂದ ನನ್ನ ಮುಂದೆ ಹಿಡಿದರು. ಇಷ್ಟು ವರ್ಷ ನನ್ನನ್ನು ನೀನು ಎಂದೇ ಕರೆದವರು.

“ಮೊಮ್ಮಗಳು ಈಗ ಕನ್ನಡ ಸಾಲಿಗೆ ಹೋಗ್ತಾಳ್ರಿ, ಆಕಿ ಓದ್ತಾಳ. ನೀವು ತ್ರಾಸ ತಗೋಬ್ಯಾಡ್ರಿ.”