ಬಬಲೇಶ್ವರದಲ್ಲಿ ನಾನು ಕಳೆದುಹೋದದ್ದು

ಕಂಡವರನ್ನೆಲ್ಲ ಅನುಮಾನಿಸುವುದಕ್ಕೆ ಸಂಬಳ ಸಿಗುವುದು ಪೊಲೀಸರಿಗೆ ಮತ್ತು ನನಗೆ. ವಿಜಯಪುರದ ಒಂದು ಕಾಲೇಜಿನಲ್ಲಿ ನಾನು ಮನಃಶಾಸ್ತ್ರದ ಮಾಸ್ತರ. ಬಾಂಧವ್ಯ, ನೆನಪು, ಆಕ್ರಮಣ, ಒತ್ತಡ ಇವುಗಳ ಮೇಲೆ ದೊಡ್ಡವರು ಮಾಡಿದ ಸಂಶೋಧನೆಗಳನ್ನು ಹುಡುಗರ ಮುಂದೆ ಹರವಿ, ಅವುಗಳಲ್ಲಿ ಹುಳುಕು ಹುಡುಕುವುದನ್ನು ಕಲಿಸುತ್ತೇನೆ. ಎಷ್ಟು ಜನರನ್ನು ಕೇಳಿದರು? ಕೇಳಿದವರು ಯಾರು? ಬೇರೆಯವರು ಕೇಳಿದರೂ ಇದೇ ಉತ್ತರ ಬರುತ್ತದೆಯೇ? ಈ ಮೂರು ಪ್ರಶ್ನೆಗಳ ಮೇಲೆ ಇಪ್ಪತ್ತು ವರ್ಷ ಅನ್ನ ತಿಂದಿದ್ದೇನೆ. ಅವನ್ನು ನನ್ನ ಮೇಲೆಯೇ ಯಾರಾದರೂ ತಿರುಗಿಸಬಹುದೆಂದು ಮಾತ್ರ ಹೊಳೆದಿರಲಿಲ್ಲ.

ಬೇರೆಯವರ ಹುಳುಕು ಹುಡುಕುವುದು ಬಹಳ ಸುಖದ ಕೆಲಸ. ಆಕ್ರಮಣವನ್ನು ಅಳೆಯಲು ನಮ್ಮ ಪಠ್ಯದಲ್ಲಿ ಒಂದು ಉಪಾಯವಿದೆ: ಖಾರ ಒಲ್ಲದ ಅಪರಿಚಿತನಿಗೆ ನೀವು ಎಷ್ಟು ಖಾರ ಬಡಿಸುತ್ತೀರಿ ಎಂದು ನೋಡುವುದು. ಹೆಚ್ಚು ಬಡಿಸಿದವರು ಹೆಚ್ಚು ಆಕ್ರಮಣಶೀಲರು. ಇದನ್ನು ಪಾಠ ಮಾಡುವಾಗಲೆಲ್ಲ ಬಬಲೇಶ್ವರದಲ್ಲಿರುವ ನನ್ನ ಅಕ್ಕ ಗಂಗಕ್ಕ ಕಣ್ಣ ಮುಂದೆ ಬರುತ್ತಾಳೆ. ಬೀಗರು "ಸಾಕ್ರಿ, ಸಾಕ್ರಿ" ಎಂದು ತಾಟಿನ ಮೇಲೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಕೆಂಪು ಖಾರದ ಚಟ್ನಿ ಇಳಿಸುವವಳು ಅವಳು. ಆ ಉಪಾಯದ ಪ್ರಕಾರ ಜಿಲ್ಲೆಯಲ್ಲಿ ಅವಳಷ್ಟು ಅಪಾಯಕಾರಿ ಹೆಂಗಸು ಇನ್ನೊಬ್ಬಳಿಲ್ಲ. ನಮ್ಮಲ್ಲಿ ಅದನ್ನು ಆದರ ಎನ್ನುತ್ತಾರೆ. ಇನ್ನು ಬಾಂಧವ್ಯ ಅಳೆಯುವುದಕ್ಕೆ ತಾಯಿಯನ್ನು ಕೋಣೆಯಿಂದ ಹೊರಗೆ ಕಳಿಸಿ ಕೂಸು ಏನು ಮಾಡುತ್ತದೆ ಎಂದು ನೋಡುತ್ತಾರೆ. ಜೋರಾಪುರ ಪೇಟೆಯ ನಮ್ಮ ಓಣಿಯಲ್ಲಿ ತಾಯಿ ಹೊರಗೆ ಹೋದದ್ದು ಕೂಸಿಗೆ ತಿಳಿಯುವುದರೊಳಗೆ ನಾಲ್ಕು ಮನೆಯವರು ಅದನ್ನು ಎತ್ತಿ ಆಡಿಸಿರುತ್ತಾರೆ.

ಹೀಗೆ ಎಲ್ಲರನ್ನೂ ಜಾಲಾಡಿದ ಮೇಲೆ ನೆನಪಿನ ಪಾಠ ಬರುತ್ತಿತ್ತು. ಅಲ್ಲಿ ಮಾತ್ರ ನಾನು ನನ್ನದೇ ಕಥೆ ಹೇಳುತ್ತಿದ್ದೆ, ಪ್ರತಿ ವರ್ಷ, ತಪ್ಪದೆ. ನನಗಾಗ ಐದು ವರ್ಷ. ಬಬಲೇಶ್ವರದ ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಅವ್ವನ ಸೆರಗು ಕೈತಪ್ಪಿತು. ಒಂದು ತಾಸು ಒಬ್ಬನೇ. ಆದರೂ ಅಳಲಿಲ್ಲ. ಕಟ್ಟೆಯ ಮೇಲೆ ಕುಳಿತು ಬಸ್ಸಿನ ಬೋರ್ಡುಗಳನ್ನು ಓದುತ್ತಿದ್ದೆ. ಪೇರಲಹಣ್ಣು ಮಾರುವಾಕೆ ಒಂದು ಹಣ್ಣು ಕೊಟ್ಟಳು. ಅವ್ವ ಓಡಿ ಬಂದಾಗ ಅರ್ಧ ಹಣ್ಣು ಅವಳ ಮುಂದೆ ಚಾಚಿದೆ. ಆ ಅರ್ಧ ಹಣ್ಣಿನ ಹತ್ತಿರ ನನ್ನ ದನಿ ತಾನಾಗಿಯೇ ತಗ್ಗುತ್ತಿತ್ತು. "ನೋಡಿ, ಇಂಥ ನೆನಪು ಎಷ್ಟು ನಿಚ್ಚಳವಾಗಿ ಉಳಿಯುತ್ತದೆ" ಎಂದು ಮುಗಿಸುತ್ತಿದ್ದೆ.

ಈ ವರ್ಷ ತಿಕೋಟಾದಿಂದ ಬಸ್ಸಿಗೆ ಬರುವ ರೇಷ್ಮಾ ಎಂಬ ವಿದ್ಯಾರ್ಥಿನಿ ಎದ್ದು ನಿಂತಳು.

"ಸರ, ಐದು ವರ್ಷಕ್ಕ ನಿಮಗ ಬೋರ್ಡ್ ಓದಾಕ ಬರ್ತಿತ್ತೇನ್ರಿ?"

"ಬರ್ತಿತ್ತವಾ. ಶಾಣ್ಯಾ ಇದ್ದೆ."

"ಅವಾಗ ನಿಮ್ಮನ್ನ ನೋಡಿದವ್ರು ಬ್ಯಾರೆ ಯಾರರೆ ಅದಾರೇನ್ರಿ?"

"ಇಲ್ಲ."

"ಹಂಗಾದ್ರ ನೋಡಿದವ್ರೂ ನೀವ, ಹೇಳಿದವ್ರೂ ನೀವ, ಶಾಣ್ಯಾ ಅನಿಸ್ಕೊಂಡವ್ರೂ ನೀವ. ಅಂಥಾದ್ದನ್ನ ನಂಬಬಾರ್ದು ಅಂತ ಹೋದ ವಾರ ನೀವ ಹೇಳೀರಲ್ರಿ?"

ತರಗತಿ ಗೊಳ್ಳೆಂದಿತು. ನನ್ನ ಬಾಯಿ ಒಣಗಿತು, ಅಂಗೈ ಬೆವರಿತು. ಒತ್ತಡದ ಪಾಠಕ್ಕೆ ಇನ್ನೂ ಹದಿನೈದು ದಿನವಿತ್ತು. ನನಗೊಬ್ಬನಿಗೆ ಅಂದೇ ಶುರುವಾಯಿತು.

ಆ ರವಿವಾರವೇ ಬಬಲೇಶ್ವರದ ಬಸ್ಸು ಹತ್ತಿದೆ. ಅವ್ವ ಈಗಿಲ್ಲ, ಆ ಕಾಲದವಳು ಅಕ್ಕ ಒಬ್ಬಳೇ. ಅವಳ ಬಾಯಿಂದ ಒಂದು ಮಾತು ಹೇಳಿಸಿಕೊಂಡು ಬಂದು ರೇಷ್ಮಾಳ ಬಾಯಿ ಮುಚ್ಚಿಸುವುದು ನನ್ನ ಹಂಚಿಕೆ. ಗಂಗಕ್ಕ ಪಡಸಾಲೆಯಲ್ಲಿ ಕುಳಿತು ಬೇಳೆ ಹಸನು ಮಾಡುತ್ತಿದ್ದಳು. ನಾನು ಇಡೀ ಕಥೆ ಹೇಳಿದೆ, ಅರ್ಧ ಹಣ್ಣಿನ ಹತ್ತಿರ ದನಿಯನ್ನೂ ತಗ್ಗಿಸಿದೆ. ಮೊರದ ಮೇಲೆ ಅವಳ ಕೈ ನಿಂತಿತು.

"ಲೇ ತಮ್ಮಾ, ಅವತ್ತ ಕಳದಿದ್ದು ನೀ ಅಲ್ಲೋ, ನಾ."

"ನೀನಾ?"

"ನನಗ ಒಂಬತ್ತು ವರ್ಷ, ನಿನಗ ಎರಡು. ನೀ ಅವ್ವನ ಬಗಲಾಗ ಚುರಮರಿ ತಿನ್ಕೋತ ಕುಂತಿದ್ದಿ. ನೆಟ್ಟಗ ಮಾತ ಬರ್ತಿದ್ದಿಲ್ಲ ನಿನಗ, ಬೋರ್ಡ್ ಓದತಿದ್ನಂತ!"

"ಮತ್ತ ನನಗ ಎಲ್ಲಾ ಕಣ್ಣಿಗೆ ಕಟ್ಟಿದಂಗ ಐತಲ್ಲ?"

"ನಾನ ಕಟ್ಟೇನಿ. ಮುಂದ ಸ್ವಲ್ಪ ದೊಡ್ಡಾವ ಆದಿ, ಕಥಿ ಹೇಳಲಿಲ್ಲಂದ್ರ ಉಣತಿದ್ದಿಲ್ಲ. ಅಕ್ಕ ಕಳದ್ಲು ಅಂದ ಕೂಡಲೇ ಬೋರಾಡಿ ಅಳತಿದ್ದಿ, ತುತ್ತು ಹೊರಗ ಬರ್ತಿತ್ತು. ಅದಕ್ಕ ನನ್ನ ತಗದು ನಿನ್ನ ಹಾಕಿದೆ. ನೀನ ಕಳದಿ, ಆದ್ರೂ ಅಳಲಿಲ್ಲ ಅಂದ್ರ ಸುಮ್ಮ ಉಣತಿದ್ದಿ."

ಕೇಳಿದ್ದನ್ನೇ ಕಂಡದ್ದೆಂದು ಮನಸ್ಸು ನಂಬಿಬಿಡುತ್ತದೆ ಎಂಬ ಪಾಠ ನಮ್ಮ ಪುಸ್ತಕದಲ್ಲಿದೆ. ಪ್ರತಿ ವರ್ಷ ನನ್ನ ಕಥೆ ಹೇಳಿದ ಮರುದಿನವೇ ಅದನ್ನು ನಾನು ಪಾಠ ಮಾಡುತ್ತಿದ್ದೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷ ಅವಳ ಆ ಒಂದು ತಾಸನ್ನು ನನ್ನದೆಂದು ಊರಿಗೆಲ್ಲ ಹಂಚಿದವನು ಒಮ್ಮೆಯೂ ಅವಳನ್ನು ಏನೂ ಕೇಳಿಲ್ಲವಲ್ಲ ಅನ್ನಿಸಿತು.

"ಅಕ್ಕಾ, ನೀ ಅಂಜಿದ್ದಿಲ್ಲೇನು?"

"ಅಂಜಿದ್ದಿಲ್ಲಂತ! ಸ್ಟ್ಯಾಂಡ್ ತುಂಬ ಕೇಳೂವಂಗ ಒದರಿದ್ದೆ. ಕಂಡಕ್ಟರ್ ಪಾಪ ಸಮಾಧಾನ ಮಾಡಾಕ ಬಂದ್ರ, ನನ್ನ ಒಯ್ಯಾಕ ಬಂದಾನಂತ ಕೈ ಕಚ್ಚಿದೆ."

"ಮತ್ತ ಅರ್ಧ ಪೇರಲಹಣ್ಣು?"

"ಹಣ್ಣು ಖರೇ. ಪೂರಾ ನಾನ ತಿಂದೆ. ಅವ್ವಗ ಅರ್ಧ ಕೊಟ್ಟಿದ್ದು ನಾ ಹೇಳಿದ್ದಲ್ಲಪಾ, ನೀನ ಹಚ್ಚಿದ್ದು."

ಇಬ್ಬರೂ ಬಹಳ ಹೊತ್ತು ನಕ್ಕೆವು. ಆಮೇಲೆ ಅವಳು ಮೊರದ ಕಡೆ ನೋಡುತ್ತ ಮೆಲ್ಲಗೆ ಅಂದಳು: "ನಾ ಸಿಕ್ಕ ಕೂಡಲೇ ಅವ್ವ ಬೆನ್ನಿಗೆ ನಾಕು ಬಿಟ್ಲು. ಆಮ್ಯಾಲ ಬಿಜಾಪುರ ಮುಟ್ಟೂ ತನಕಾ ನನ್ನ ಕೈ ಬಿಡಲಿಲ್ಲ ನೋಡು. ಬೆವತರೂ ಬಿಡಲಿಲ್ಲ." ಆ ಹೊಡೆತವನ್ನು ಯಾವ ಅಧ್ಯಾಯಕ್ಕೆ ಸೇರಿಸಬೇಕು, ಆ ಕೈಯನ್ನು ಯಾವ ಅಧ್ಯಾಯಕ್ಕೆ ಸೇರಿಸಬೇಕು, ನನಗೆ ತಿಳಿಯಲಿಲ್ಲ.

ಸೋಮವಾರ ತರಗತಿಯಲ್ಲಿ ತಪ್ಪೊಪ್ಪಿಕೊಂಡೆ. ಕಥೆ ನನ್ನದಲ್ಲ, ಅಕ್ಕನದು ಎಂದೆ. ಹುಡುಗರು ಚಪ್ಪಾಳೆ ತಟ್ಟಿದರು. ರೇಷ್ಮಾ ತಟ್ಟಲಿಲ್ಲ, ಕೈ ಎತ್ತಿದಳು.

"ಸರ, ನಿಮ್ಮ ಅಕ್ಕಾರೂ ಒಬ್ಬರ ಅದಾರಲ್ರಿ ಸಾಕ್ಷಿಗೆ?"

ಶಾಸ್ತ್ರದ ಪ್ರಕಾರ ಅವಳ ಮಾತು ನೂರಕ್ಕೆ ನೂರು ಸರಿ. ಆದರೆ ಎರಡನೆಯ ಸಾಕ್ಷಿಯನ್ನು ಹುಡುಕಲು ನಾನು ಹೋಗಲಿಲ್ಲ. ಗೊತ್ತಿದ್ದೂ ಬಿಟ್ಟುಬಿಟ್ಟ ತನಿಖೆ ಇದೊಂದೇ. ಸಂಜೆ ಅಕ್ಕನಿಗೆ ಫೋನ್ ಮಾಡಿ ಈ ಆಕ್ಷೇಪಣೆ ತಿಳಿಸಿದೆ.

"ಆ ಹುಡುಗೀನ ಒಂದಿನ ಊಟಕ್ಕ ಕರಕೊಂಡ ಬಾ, ನಾ ಮಾತಾಡ್ತೇನಿ" ಎಂದಳು. ಆಮೇಲೆ ದನಿ ತಗ್ಗಿಸಿ, "ಮತ್ತ ನೋಡು, ಕಂಡಕ್ಟರನ್ನ ಕಚ್ಚಿದ್ದು ಮಾತ್ರ ಕ್ಲಾಸಿನ್ಯಾಗ ಹೇಳಬ್ಯಾಡ" ಎಂದಳು.

ಅಕ್ಕನ ಮಾತು ಮೀರುವವನಲ್ಲ ನಾನು. ಕ್ಲಾಸಿನಲ್ಲಿ ಹೇಳಿಲ್ಲ.