ದೊಡ್ಡಯ್ಯನ ಗಾಡಿಗೆ ಸ್ಪ್ರಿಂಗು

ನಮ್ಮ ಹದಿನಾರು ಗ್ರಾಮದ ನಂಜುಂಡೇಶನಿಗೆ ಇದ್ದದ್ದು ಎರಡೇ ಹುಚ್ಚು. ಒಂದು ಅವನ ಬೀಜದ ಹೋರಿ, ಇನ್ನೊಂದು ಆ ಹೋರಿಯನ್ನು ಊರೂರಿಗೆ ಎಳೆದುಕೊಂಡು ಹೋಗುವ ಕಾರು. ಪಕ್ಕದ ಮನೆಯವನಾಗಿ ಎರಡನ್ನೂ ಸಹಿಸಿಕೊಂಡವನು ನಾನು. ಹಾಗಾಗಿ ನಾಲ್ಕು ಮಾತು ಹೇಳುವ ಹಕ್ಕು ನನಗಿದೆ.

ಹೋರಿಯ ಹೆಸರು ದೊಡ್ಡಯ್ಯ. ಹಳ್ಳಿಕಾರ್ ತಳಿ, ಬೂದು ಮೈ, ಭುಜದ ಹತ್ತಿರ ಕಪ್ಪು. ಪಶು ಆಸ್ಪತ್ರೆಯಲ್ಲಿ ಕಡ್ಡಿಯೊಳಗೆ ಬೀಜ ಸಿಗುವ ಈ ಕಾಲದಲ್ಲೂ ನಾಟಿ ಕರುವೇ ಆಗಬೇಕು ಅನ್ನುವ ಹಠಮಾರಿಗಳು ನಂಜನಗೂಡಿಗೂ ನರಸೀಪುರಕ್ಕೂ ನಡುವೆ ಬೇಕಾದಷ್ಟು ಜನ ಇದ್ದಾರೆ. ಅವರ ಹಸು ಬೆದೆಗೆ ಬಂದರೆ ಫೋನು ಬರುತ್ತಿದ್ದದ್ದು ನಂಜುಂಡೇಶನಿಗೆ. ಎಲ್ಲ ಕಡೆ ಹಸುವನ್ನು ಹೋರಿಯ ಹತ್ತಿರ ಹೊಡೆದುಕೊಂಡು ಬರುತ್ತಾರೆ. ಇವನು ಹೋರಿಯನ್ನೇ ಹಸುವಿನ ಮನೆಗೆ ಕರೆದುಕೊಂಡು ಹೋಗುತ್ತಿದ್ದ. ಮಾಡಿದ ಬೇರೆ ಕೆಲಸ ಯಾವುದೂ ಅವನಿಗೆ ಕೈಗೂಡಿರಲಿಲ್ಲ. ಕೋಳಿ ಸಾಕಿದ, ರೋಗ ಬಂತು. ಅಂಗಡಿ ಇಟ್ಟ, ಸಾಲ ಹೇಳಿ ಹೋದವರು ಆ ಬೀದಿಗೇ ಬರಲಿಲ್ಲ. ದೊಡ್ಡಯ್ಯ ಬಂದ ಮೇಲೆ ಜನ ಇವನನ್ನು 'ದೊಡ್ಡಯ್ಯನ ನಂಜುಂಡೇಶ' ಅಂತ ಕರೆಯತೊಡಗಿದರು. ಗಂಡಸಿಗೆ ಹೋರಿಯಿಂದ ಹೆಸರು ಬಂತಲ್ಲ ಅಂತ ನಾನು ಆಡಿಕೊಂಡದ್ದೂ ಉಂಟು. ಅವನು ಮಾತ್ರ ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದ.

ಹೋರಿಯನ್ನು ನಡೆಸಿಕೊಂಡು ಹೋಗಿ ಸಾಕಾಗಿ, ಎರಡು ಗಾಲಿಯ ಒಂದು ಟ್ರೇಲರ್ ಮಾಡಿಸಿದ. ಅದನ್ನು ಎಳೆಯಲು ಕಾರು ಬೇಕಾಯಿತು. ಅಲ್ಲಿಂದ ಶುರುವಾಯಿತು ನೋಡಿ, ಮನೆಯಲ್ಲಿ ಸ್ಪ್ರಿಂಗಿನ ಜಗಳ.

ಅವನ ಮಾವ ಚಿಕ್ಕಬಸಪ್ಪ ಒಂದು ಕಾಲದಲ್ಲಿ ಲಾರಿ ಇಟ್ಟಿದ್ದವರು. ಗಾಡಿಯ ಹಿಂದಿನ ಅಚ್ಚಿಗೆ ಲಾರಿಯ ಹಾಗೆ ಕಮಾನು ಪಟ್ಟಿಯ ಗಟ್ಟಿ ಸ್ಪ್ರಿಂಗೇ ಇರಬೇಕು ಅನ್ನುವುದು ಅವರ ವಾದ. "ಪಟ್ಟಿ ಇಲ್ದಿದ್ದು ಗಾಡಿ ಅಲ್ಲ ಕಣ್ರೀ ಅಳಿಯಂದ್ರೇ, ತೊಟ್ಲು. ತೊಟ್ಲಿಗೆ ಓರಿ ಕಟ್ಟಿ ಎಳೀತೀರಾ?" ಅಂದರು. ಪಟ್ಟಿಯ ಹಳೇ ಜೀಪೊಂದನ್ನು ತಾವೇ ನೋಡಿಯೂ ಬಂದರು. ಆದರೆ ನಂಜುಂಡೇಶನ ಹೆಂಡತಿ ನಂದಿತಾಗೆ ಸ್ಕೂಟರಿನಿಂದ ಬಿದ್ದು ಬೆನ್ನಿನ ಆಪರೇಷನ್ ಆಗಿತ್ತು. ದಿನಾ ತಾಂಡವಪುರಕ್ಕೆ ಕೆಲಸಕ್ಕೆ ಹೋಗಬೇಕಾದವಳು. ಪಟ್ಟಿಯ ಜೀಪಿನಲ್ಲಿ ಒಂದು ಸುತ್ತು ಹೋಗಿ ಬಂದು ಹಲ್ಲು ಕಚ್ಚಿಕೊಂಡು ಇಳಿದಳು. "ನಿಮ್ ಬಸವಂಗೆ ಬೇಕಾದ್ರೆ ತಕ್ಕಳಿ, ನಾನು ಮಾತ್ರ ಇದ್ರಲ್ಲಿ ಕೂರಕಿಲ್ಲ" ಅಂದಳು.

ಕೊನೆಗೆ ಬಂದದ್ದು ಏಳು ಸೀಟಿನ ಹಳೇ ಕಾರು, ಹಿಂದೆ ಮೆತ್ತನೆಯ ಸುರುಳಿ ಸ್ಪ್ರಿಂಗು. ನಂದಿತಾ ನೆಮ್ಮದಿಯಾಗಿ ಓಡಾಡಿದಳು. ದೊಡ್ಡಯ್ಯನನ್ನು ಟ್ರೇಲರಿಗೆ ಹತ್ತಿಸಿದ ದಿನ ಮಾತ್ರ ಕಾರಿನ ಹಿಂಭಾಗ ನೆಲಕ್ಕೆ ಕುಸಿದು ಮೂತಿ ಆಕಾಶ ನೋಡಿತು. ಬೀದಿಯಲ್ಲಿದ್ದವರೆಲ್ಲ ನಕ್ಕರು. "ಏನ್ಲಾ, ನಿನ್ ಕಾರು ಉಚ್ಚೆ ಉಯ್ಯಕ್ಕೆ ಕುಂತಂಗದೆ" ಅಂದರು. ನಂಜುಂಡೇಶನಿಗೆ ತಲೆ ತೆಗೆದ ಹಾಗಾಯಿತು. ಯಾರು ಏನು ಬೇಕಾದರೂ ಅನ್ನಲಿ, ದೊಡ್ಡಯ್ಯನ ಸವಾರಿಯನ್ನು ನೋಡಿ ನಗಬಾರದು.

ನಂಜನಗೂಡಿನಲ್ಲಿ ಗ್ಯಾರೇಜು ಇಟ್ಟಿರುವ ರಾಜುವಿನ ಹತ್ತಿರ ಹೋದೆವು. ಅವನು ಎರಡು ದಾರಿ ಹೇಳಿದ. ಗಟ್ಟಿ ಸುರುಳಿ ಹಾಕಬಹುದು, ಆದರೆ ಖಾಲಿ ಓಡಿಸುವಾಗ ಎತ್ತಿ ಹಾಕುತ್ತದೆ, ನಂದಿತಾಳ ಬೆನ್ನಿಗೆ ಆಗದು. ಇಲ್ಲವೇ ಈಗಿರುವ ಸುರುಳಿಯ ಒಳಗೇ ಗಾಳಿಯ ಬಲೂನು ಕೂರಿಸಬಹುದು. ಹೋರಿ ಇದ್ದಾಗ ಗಾಳಿ ತುಂಬು, ಇಲ್ಲದಾಗ ಬಿಡು. "ಇದೇ ಸರಿ ಸಾ, ಇಬ್ರಿಗೂ ಒಳ್ಳೇದು. ಬೆಂಗಳೂರಿಂದ ತರಿಸ್ತೀನಿ" ಅಂದ. ತರಿಸು ಅಂತ ಹೇಳಿ ಬಂದೆವು. ಆ ಬಲೂನು ಆವತ್ತೇ ಬಂದಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ.

ಅಷ್ಟರಲ್ಲಿ ದೇವನೂರಿನ ಪುಟ್ಟಬಸಮ್ಮನ ಮನೆಗೆ ಹೋಗುವುದು ಬಂತು. ಅವರ ಮನೆಯಲ್ಲಿ ಹೋರಿ ಬಂದರೆ ಬೀಗರು ಬಂದ ಹಾಗೆ. ಕಾಲಿಗೆ ನೀರು ಹಾಕಿ, ಹಣೆಗೆ ಅರಿಸಿನ ಕುಂಕುಮ ಇಟ್ಟು, ಆರತಿ ಎತ್ತಿಯೇ ಒಳಗೆ ಬಿಟ್ಟುಕೊಳ್ಳುವುದು. ನಂಜುಂಡೇಶ ಹೋರಿಯನ್ನು ಟ್ರೇಲರಿನಲ್ಲಿ ಕಾರಿನ ಕಡೆ ಮುಖ ಮಾಡಿ ನಿಲ್ಲಿಸಿದ್ದ. ಹಿಂಬಾಗಿಲು ತೆಗೆದಾಗ ದೊಡ್ಡಯ್ಯ ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಬಾಲ ಮುಂದಾಗಿ ಇಳಿದ. ಆರತಿ ತಟ್ಟೆ ಹಿಡಿದು ನಿಂತಿದ್ದ ಪುಟ್ಟಬಸಮ್ಮ ಸಿಡುಕಿದಳು. "ಅಯ್ಯೋ ನಿನ್ ಮನೆ ಕಾಯ್ವಾಗ! ಬಸವ ಬಾಗಿಲ್ಗೆ ತಿಕ ಮಾಡ್ಕಂಡು ಬತ್ತದಾ? ಮೊಕ ತೋರ್ಸ್ಕಂಡು ಬರ್ಬೇಕು ಕಣಪ್ಪ."

ಮುಂದಿನ ಸಲ ದೇವನೂರಿಗೆ ಹೊರಡುವಾಗ ನಂಜುಂಡೇಶ ಹೋರಿಯನ್ನು ತಿರುಗಿಸಿ, ಹಿಂಬಾಗಿಲಿನ ಕಡೆ ಮುಖ ಮಾಡಿ ಕಟ್ಟಿದ. ಕಟ್ಟಿ ಕಾರು ನೋಡುತ್ತಾನೆ, ಕುಸಿತವೇ ಇಲ್ಲ. ಹೊಸ ಕಾರಿನ ಹಾಗೆ ನೆಟ್ಟಗೆ ನಿಂತಿದೆ! ನನ್ನನ್ನು ಮನೆಯಿಂದ ಎಳೆದುಕೊಂಡು ಬಂದು ತೋರಿಸಿದ. ಚಿಕ್ಕಬಸಪ್ಪನವರೂ ಬಗ್ಗಿ ನೋಡಿ ತಲೆದೂಗಿದರು. ರಾಜುವಿಗೆ ಫೋನಿನಲ್ಲಿ ಫೋಟೊ ಕಳಿಸಿದರೆ, "ಲೆವೆಲ್ಲಾಗೇ ಅದಲ್ಲ ಸಾ, ಇನ್ಯಾಕೆ ಬಲೂನು?" ಅಂದ. ಬಸವನ ಮರ್ಯಾದೆಯೂ ಉಳಿಯಿತು, ಕಾರಿನ ಮರ್ಯಾದೆಯೂ ಉಳಿಯಿತು. ಒಬ್ಬನಿಗಾದರೂ ಅನುಮಾನ ಬರಬೇಡವೇ? ಬರಲಿಲ್ಲ. ಕಾರು ನೆಟ್ಟಗಿದ್ದರೆ ಎಲ್ಲ ನೆಟ್ಟಗಿದೆ ಅಂದುಕೊಂಡ ಜನ ನಾವು.

ಹೋರಿಯ ಭಾರವೆಲ್ಲ ಇರುವುದು ಬೆನ್ನ ಮೇಲಿನ ಹಿಣಿಲು, ಭುಜ, ತಲೆಯಲ್ಲಿ. ಅದು ಟ್ರೇಲರಿನ ಮುಂದಿದ್ದರೆ ಕಾರಿನ ಕೊಂಡಿಯನ್ನು ಒತ್ತುತ್ತದೆ, ಕಾರು ಕುಸಿಯುತ್ತದೆ. ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೇ. ಸ್ಪ್ರಿಂಗು ಗಟ್ಟಿ ಮಾಡಿದರೆ ಅದೂ ಸರಿಹೋಗುತ್ತದೆ. ಅದೇ ಭಾರ ಗಾಲಿಗಳ ಹಿಂದಕ್ಕೆ ಹೋದರೆ ಟ್ರೇಲರು ಕೊಂಡಿಯನ್ನು ಮೇಲಕ್ಕೆ ಎತ್ತುತ್ತದೆ. ಕಾರಿನ ಹಿಂದಿನ ಗಾಲಿಗೆ ನೆಲದ ಹಿಡಿತ ತಪ್ಪುತ್ತದೆ. ಇದನ್ನು ರಾಜು ನಮಗೆ ಬಿಡಿಸಿ ಹೇಳಿದ, ಎಲ್ಲ ಆದ ಮೇಲೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ದೇವನೂರಿನಿಂದ ವಾಪಸು ಬರುವಾಗಲೂ ಹೋರಿಯನ್ನು ಹಾಗೇ ಕಟ್ಟಿದ್ದ. ನಾಲೆಯ ಏರಿ ಹತ್ತಿ ಇಳಿಯುವ ಕಡೆ, ಟ್ರೇಲರು ಅತ್ತ ಇತ್ತ ಆಡತೊಡಗಿತು. ನಂಜುಂಡೇಶ ಹೆದರಿ ಬ್ರೇಕು ಒತ್ತಿದ. ಅದು ಇನ್ನೂ ಜೋರಾಗಿ ಬೀಸಿ, ಕೊಂಡಿ ಕಿತ್ತುಕೊಂಡು ಮಗ್ಗುಲಾಯಿತು. ದೊಡ್ಡಯ್ಯನ ಹಿಂಗಾಲು ಸರಳಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಗದ್ದೆಯಲ್ಲಿದ್ದವರು ಓಡಿ ಬಂದು ಎತ್ತುವವರೆಗೂ ನಂಜುಂಡೇಶ ಅದರ ಕೊಂಬು ತಬ್ಬಿಕೊಂಡು ರಸ್ತೆಯಲ್ಲೇ ಕೂತಿದ್ದನಂತೆ.

ದೊಡ್ಡಯ್ಯನ ಪ್ರಾಣ ಉಳಿಯಿತು. ಆದರೆ ಜಾರಿದ ಸೊಂಟದ ಕೀಲು ಮತ್ತೆ ಸರಿಹೋಗಲಿಲ್ಲ. ಹಿಂಗಾಲಿನ ಮೇಲೆ ಭಾರ ಬಿಡಲಾಗದ ಹೋರಿ ಹಸುವಿನ ಮೇಲೆ ಹೇಗೆ ಏರುತ್ತದೆ? ಊರವರು ಬಂದು ನೋಡಿ, "ಸ್ಪ್ರಿಂಗು ಸರ್ಯಾಗಿ ಆಕಿಸ್ಬೇಕಿತ್ತು ಕಣಪ್ಪ" ಅಂತ ಹೇಳಿ, ಕಾಫಿ ಕುಡಿದು ಹೋದರು. ಚಿಕ್ಕಬಸಪ್ಪ "ನಾನ್ ಅವತ್ತೇ ಯೋಳ್ದೆ" ಅನ್ನುವುದನ್ನು ಜಪ ಮಾಡಿಕೊಂಡರು. ತಲೆದೂಗಿದ್ದು ಅವರಿಗೆ ಮರೆತೇಹೋಗಿತ್ತು. ಇದೆಲ್ಲ ಕೇಳಿ ಕೇಳಿ ನಂಜುಂಡೇಶ ಒಂದು ದಿನ ನಂದಿತಾಳಿಗೆ, "ನಿನ್ ಬೆನ್ನು ಉಳಿಸೋಕೋಗಿ ಅವ್ನ ಸೊಂಟ ಮುರೀತು" ಅಂದುಬಿಟ್ಟ. ಅವಳು ಮಾರನೇ ದಿನದಿಂದ ಬಸ್ಸಿನಲ್ಲಿ ಕೆಲಸಕ್ಕೆ ಹೋದಳು. ನನಗೆ ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂದಿತ್ತು.

ದೊಡ್ಡಯ್ಯನಿಗೆ ಕಾಲು ಹೋದರೂ ಆಸೆ ಹೋಗಿರಲಿಲ್ಲ. ಬೀದಿಯಲ್ಲಿ ಬೆದೆಯ ಹಸುವಿನ ವಾಸನೆ ಬಂದರೆ ಸಾಕು, ಗೂಟ ಕಿತ್ತು ಏರಲು ಹೋಗಿ ಬೀಳುತ್ತಿತ್ತು. ಬಿದ್ದರೆ ಏಳಿಸಲು ಅರ್ಧ ಊರೇ ಬರಬೇಕು. ಡಾಕ್ಟರು ಎರಡೇ ಮಾತು ಹೇಳಿದರು. ಬೀಜ ಒಡೆಸಿ ಎತ್ತು ಮಾಡಿ, ಇಲ್ಲವೇ ಹಸುಗಳಿಲ್ಲದ ಕಡೆ ಬಿಡಿ. ಇನ್ನೊಂದು ಸಲ ಬಿದ್ದರೆ ಮೇಲೇಳುವುದಿಲ್ಲ. ಬೀಜ ಒಡೆಸುವ ಮಾತಿಗೆ ನಂಜುಂಡೇಶ ಬೇಡವೆಂದು ಕೈಮುಗಿದ. ನರಸೀಪುರದ ಆಚೆ ಯಾರೋ ಪುಣ್ಯಾತ್ಮರು ಗೋಶಾಲೆ ಇಟ್ಟಿದ್ದಾರೆ, ಗಂಡು ದನಗಳಿಗೆ ಬೇರೆಯೇ ಕೊಟ್ಟಿಗೆ ಇದೆ ಅಂತ ಸುದ್ದಿ ಹಿಡಿದ. ಅಲ್ಲಾದರೆ ದೊಡ್ಡಯ್ಯ ಹೋರಿಯಾಗಿಯೇ ಸಾಯುತ್ತಾನೆ ಅನ್ನುವುದು ಅವನ ಲೆಕ್ಕ.

ಹೋಗುವ ಮುಂಚೆ ರಾಜುವಿನ ಹತ್ತಿರ ಹೋಗಿ ಕಿತ್ತ ಕೊಂಡಿ ಸರಿಮಾಡಿಸಿ ಆ ಗಾಳಿ ಬಲೂನು ಹಾಕಿಸಿದ. ಒಂದೇ ಒಂದು ಸಲದ ಪ್ರಯಾಣಕ್ಕೆ. ನನಗೆ ಬಾಯಿ ತಡೆಯಲಿಲ್ಲ. "ಈಗ್ಯಾಕ್ಲಾ ಇದು?" ಅಂದೆ. "ಸರ್ಯಾಗಿ ಕರ್ಕಂಡೋಯ್ತೀನಿ ಕಣಣ್ಣ, ಒಂದ್ ದಪನಾದ್ರೂವೆ" ಅಂದ.

ದೊಡ್ಡಯ್ಯನನ್ನು ಈ ಸಲ ಕಾರಿನ ಕಡೆ ಮುಖ ಮಾಡಿ ನಿಲ್ಲಿಸಿದೆವು. ಬಲೂನಿಗೆ ಗಾಳಿ ತುಂಬಿದ ಮೇಲೆ ಕಾರು ನೆಟ್ಟಗಾಯಿತು. ನರಸೀಪುರದವರೆಗೂ ಒಂದು ಕುಲುಕಾಟ ಇಲ್ಲ, ಒಂದು ಓಲಾಟ ಇಲ್ಲ. ಅಷ್ಟು ಚೆನ್ನಾಗಿ ಆ ಗಾಡಿ ಯಾವತ್ತೂ ಓಡಿರಲಿಲ್ಲ.

ಗೋಶಾಲೆಯ ಮೇಲ್ವಿಚಾರಕ ಶಿವಮೂರ್ತಿ ಒಳ್ಳೆಯ ಮನುಷ್ಯ. ಹೋರಿಯ ಬೆನ್ನು ಸವರಿದ, ಕಾಲು ನೋಡಿ ಮರುಗಿದ. ಆಮೇಲೆ, "ಇವತ್ತು ಡಾಕ್ಟರು ಬಂದವ್ರೆ, ಒಳ್ಳೇದೇ ಆಯ್ತು. ಬೀಜ ಒಡೆದೇ ನಾವು ಒಳಕ್ಕೆ ಬುಡೋದು. ಇಲ್ದಿದ್ರೆ ಗಂಡ್ ದನ ಒಂದನ್ನೊಂದು ತಿವಿದು ಸಾಯಿಸ್ತವೆ" ಅಂದ.

ನಂಜುಂಡೇಶ ನನ್ನ ಮುಖ ನೋಡಿದ. "ವಾಪಸ್ ಒಂಟೋಗೋಣ ನಡಿ" ಅಂದೆ. ವಾಪಸು ಹೋದರೆ ಊರಿನ ಬೀದಿ, ಬೀದಿಯ ತುಂಬ ಹಸು, ಒಂದು ದಿನ ದೊಡ್ಡಯ್ಯ ಬೀಳುವುದು. ಇಲ್ಲವೇ ಬೀಜ ಒಡೆಸುವ ಇದೇ ಕೆಲಸ, ಅವತ್ತು ಬೀದಿಯಲ್ಲಿ ನಕ್ಕವರ ಮುಂದೆ.

"ಇಲ್ಲೇ ಮಾಡ್ಬುಡಿ ಸಾ. ಊರಲ್ಲಿ ಬ್ಯಾಡ" ಅಂದ.

ನಾಲ್ಕು ಆಳುಗಳು ಹಗ್ಗ ತಂದರು. ದೊಡ್ಡಯ್ಯ ಯಾರನ್ನೂ ಹತ್ತಿರ ಸೇರಿಸಲಿಲ್ಲ, ತಲೆ ತಗ್ಗಿಸಿ ಹಾಯಲು ಬಂತು. ಡಾಕ್ಟರು ಬೀಜ ಒಡೆಯುವ ಇಕ್ಕಳ ಹಿಡಿದುಕೊಂಡು, ಇದು ಯಾರ ಮಾತು ಕೇಳುತ್ತದೆ ಅಂತ ಕೇಳಿದರು.

ನಂಜುಂಡೇಶ ಮುಂದೆ ಹೋಗಿ ಮೂಗುದಾರ ಹಿಡಿದ. ಹೋರಿ ಸುಮ್ಮನಾಗಿ ಅವನ ಎದೆಗೆ ಹಣೆ ಒರಗಿಸಿ ನಿಂತಿತು.