ಅತಿಥಿಗೆ ಕೊಡದ ಮಜ್ಜಿಗೆ

ಕೋವಿಡ್ ಗದ್ದಲ ಇಳಿದ ಮೇಲಿನ ಬೇಸಿಗೆ. ಬೀದರಿನ ನೌಬಾದದಲ್ಲಿ ಆಹಾರ ಪರೀಕ್ಷೆಯ ಸಣ್ಣ ಲ್ಯಾಬೊಂದಕ್ಕೆ ನಾನು ಮುಖ್ಯಸ್ಥೆ. ನಿಂತಲ್ಲಿ ನಿಲ್ಲದ ಸ್ವಭಾವ ನನ್ನದು. ಆರಿಸಿಕೊಂಡ ಮೈಕ್ರೋಬಯಾಲಜಿಯಲ್ಲೋ ಕಾಯುವುದೇ ಮುಕ್ಕಾಲು ಕೆಲಸ.

ಔರಾದ್ ತಾಲ್ಲೂಕಿನ ಸಂತಪುರದಿಂದ ಸವಿತಾ ಬಂದಳು. ಭಾಲ್ಕಿಯಲ್ಲಿ ಟೀಚರ್ ಆಗಿದ್ದವಳು ಕೆಲಸ ಬಿಟ್ಟು, ಅತ್ತೆ ನಾಗಮ್ಮನ ಜೊತೆ ಮಜ್ಜಿಗೆ ಮಾರಲು ಶುರು ಮಾಡಿದ್ದಳು. ಭಾಲ್ಕಿಯ ವ್ಯಾಪಾರಿಯೊಬ್ಬ ಅದನ್ನು ತನ್ನ ಅಂಗಡಿಗಳಲ್ಲಿಡಲು ಒಪ್ಪಿದ್ದ. ಆದರೆ ಪ್ರೊಬಯಾಟಿಕ್ ಎಂದು ಮಾರಲು, ಅದರ ಬ್ಯಾಕ್ಟೀರಿಯಾ ಹೊಟ್ಟೆಯಲ್ಲಿ ಬದುಕುತ್ತವೆ ಎಂಬ ರಿಪೋರ್ಟ್ ಕೇಳಿದ್ದ.

“ರಿಪೋರ್ಟ್ ಆಗಲಿಲ್ಲಂದ್ರ ಅಂವ ಬ್ಯಾರೆಯವ್ರದ್ದು ತಗೋತಾನ್ರಿ ಮೇಡಂ. ಸಾಲಿ ನೌಕ್ರಿನೂ ಹೋತು, ಇದೂ ಹೋತಂದ್ರ ಮಂದಿಗಿ ಹ್ಯಾಂಗ ಮಾರಿ ತೋರಸ್ಲಿರಿ?”

ಪ್ರೊಬಯಾಟಿಕ್ ಅಂದರೆ ಆರೋಗ್ಯಕ್ಕೆ ಅನುಕೂಲವಾಗುವ ಜೀವಂತ ಬ್ಯಾಕ್ಟೀರಿಯಾ. ಅವು ಕರುಳು ಮುಟ್ಟಬೇಕಾದರೆ ಜಠರದ ಆಮ್ಲವನ್ನೂ, ಆಮೇಲೆ ಪಿತ್ತರಸವನ್ನೂ ದಾಟಬೇಕು. ನಾವು ಗಾಜಿನ ಬಾಟಲಿಯಲ್ಲೇ ಒಂದು ಹೊಟ್ಟೆ ಮಾಡುತ್ತೇವೆ: ಪಿಎಚ್ ಎರಡೂವರೆಯ ಆಮ್ಲ, ಪೆಪ್ಸಿನ್ ಎಂಬ ಎನ್‌ಜೈಮ್, ಮೂವತ್ತೇಳು ಡಿಗ್ರಿ ಶಾಖ. ಬದುಕಿ ಉಳಿದವನ್ನು ಪ್ಲೇಟಿನ ಮೇಲೆ ಬೆಳೆಸಿದರೆ ಬಿಳಿ ಚುಕ್ಕೆಗಳು ಮೂಡುತ್ತವೆ.

ಸವಿತಾಳ ಮಜ್ಜಿಗೆಯಿಂದ ಒಂದೂ ಮೂಡಲಿಲ್ಲ. ಇನ್ನೊಂದು ಸ್ಯಾಂಪಲ್ ತರಿಸಿದೆ. ಕಾಯುವಷ್ಟು ಹೊತ್ತೂ ಕುಂತಲ್ಲಿ ಕೂರಲಾಗದೆ ಇನ್‌ಕ್ಯುಬೇಟರಿನ ಸುತ್ತ ಸುಳಿದೆ, ಪಿಎಚ್ ಮೀಟರನ್ನು ಮತ್ತೆ ಮತ್ತೆ ಪರೀಕ್ಷಿಸಿದೆ, ಎದುರಿಗೆ ಸಿಕ್ಕವರ ಮೇಲೆಲ್ಲ ರೇಗಿದೆ. ಮತ್ತೆ ಪ್ಲೇಟು ಬೋಳು. ಆಮ್ಲಕ್ಕೆ ಹಾಕುವ ಮೊದಲು ಅದೇ ಮಜ್ಜಿಗೆಯಲ್ಲಿ ಬ್ಯಾಕ್ಟೀರಿಯಾ ಕಿಕ್ಕಿರಿದಿದ್ದವು! ಸವಿತಾ ಫೋನಿನ ಮೇಲೆ ಫೋನ್ ಮಾಡುತ್ತಿದ್ದಳು. ಎತ್ತಲು ಧೈರ್ಯವಾಗದೆ ಸಂತಪುರದ ಬಸ್ಸು ಹತ್ತಿದೆ.

ನಾಗಮ್ಮ ನನಗೆ ಚಿಕ್ಕ ಗಡಿಗೆಯಿಂದ ಮಜ್ಜಿಗೆ ಕೊಟ್ಟರು. ಆಗಷ್ಟೇ ಹೆಪ್ಪಾದ ಮೊಸರಿನದು, ಸಿಹಿ. ಮನೆಯವರು ಮಾತ್ರ ದೊಡ್ಡ ಗಡಿಗೆಗೆ ಚೊಂಬು ಅದ್ದುತ್ತಿದ್ದರು. ನಾನೂ ಅದರಿಂದ ಒಂದು ಗುಟುಕು ಕೇಳಿ ಕುಡಿದೆ. ಹುಳಿಗೆ ಹಲ್ಲು ಚುಳ್ಳೆಂದಿತು. ಮಾರುವುದೂ ಇದನ್ನೇ, ಹಿಂದಿನ ದಿನದ್ದನ್ನು.

“ಲ್ಯಾಬಿಗೆ ಯಾವ ಗಡಿಗೇದು ಕಳಿಸಿದ್ರಿ?” ಎಂದೆ.

“ಸಣ್ಣದ್ದೇ ರೀ! ಸಾಹೇಬ ಮಂದಿಗಿ ಹುಳಿ ಮಜ್ಜಿಗಿ ಕಳಸ್ಲಿಕ್ಕಿ ಬರ್ತದೇನ್ರಿ? ಮರ್ಯಾದಿ ಬ್ಯಾಡೇನು?” ಎಂದರು ಬಾಟಲಿ ತುಂಬಿದ್ದ ನಾಗಮ್ಮ.

ಸವಿತಾ ಹಣೆ ಹಿಡಿದುಕೊಂಡು ಕುಳಿತಳು. ನನಗೆ ನಗು ತಡೆಯಲಾಗಲಿಲ್ಲ. ಹೊಸ ಮೊಸರಿನ ಬ್ಯಾಕ್ಟೀರಿಯಾ ಇನ್ನೂ ಬೆಳೆಯುವ ಭರದಲ್ಲಿರುತ್ತವೆ; ಆಮ್ಲದ ಪೆಟ್ಟು ತಾಳುವುದಿಲ್ಲ. ತಮ್ಮದೇ ಹುಳಿಯಲ್ಲಿ ಒಂದು ರಾತ್ರಿ ಕಳೆದವು ಗಟ್ಟಿಯಾಗಿರುತ್ತವೆ. ದೊಡ್ಡ ಗಡಿಗೆಯದನ್ನು ನಾನೇ ಬಾಟಲಿಗೆ ತುಂಬಿಕೊಂಡೆ.

ಈ ಸಲ ಪ್ಲೇಟು ತುಂಬ ಚುಕ್ಕೆ. ಪಿತ್ತರಸ ಒಂದಷ್ಟನ್ನು ಕೊಂದಿತು, ಆದರೂ ಸಾಕಷ್ಟು ಉಳಿದವು. ಗಾಜಿನ ಹೊಟ್ಟೆಯಲ್ಲಿ ಬದುಕಿವೆ, ಅಷ್ಟೇ ಹೇಳಬಲ್ಲೆ ಎಂದು ರಿಪೋರ್ಟ್ ಬರೆದೆ. ವ್ಯಾಪಾರಿ ಮಜ್ಜಿಗೆ ಕುಡಿದು ಮುಖ ಹಿಂಡಿದನಂತೆ. ಆದರೂ ಮಾತು ಉಳಿಸಿಕೊಂಡ.

ಯಾರೇ ಸ್ಯಾಂಪಲ್ ತಂದರೂ “ಇದು ಮನೆಯವರು ತಿನ್ನುವುದೋ, ನನಗಾಗಿ ಮಾಡಿದ್ದೋ?” ಎಂದು ಕೇಳುವುದನ್ನು ಆ ಬೇಸಿಗೆ ನನಗೆ ಕಲಿಸಿತು. ನಿವೃತ್ತಳಾದ ಮೇಲೆ ಒಮ್ಮೆ ಸಂತಪುರಕ್ಕೆ ಹೋದಾಗ ಚಿಕ್ಕ ಗಡಿಗೆ ಅಲ್ಲೇ ಇತ್ತು. ನಾಗಮ್ಮ ಅದರ ಕಡೆ ನೋಡಲೂ ಇಲ್ಲ. ದೊಡ್ಡದಕ್ಕೆ ಚೊಂಬು ಅದ್ದಿ ನನ್ನ ಕೈಗಿಟ್ಟರು.